ಊರಿನ ಕಾಲು

ನಾನು ಎಲ್ಲರಂತೆ ತಲೆ ಮುಂದೆ ಮಾಡಿ ಹುಟ್ಟಲಿಲ್ಲ, ಕಾಲು ಮುಂದೆ ಮಾಡಿ ಹುಟ್ಟಿದೆ. ಕಲಬುರಗಿ ಹತ್ತಿರದ ನಮ್ಮ ಕಮಲಾಪುರದಲ್ಲಿ ಇದು ಎಲ್ಲರಿಗೂ ಗೊತ್ತು. ಬಸ್ ಸ್ಟ್ಯಾಂಡಿನಲ್ಲಿ ಇಳಿದು "ರಾಜೇಶ್ರೀ ಮನೆ ಎಲ್ಲಿ" ಎಂದರೆ ಯಾರೂ ಹೇಳಲಾರರು. "ಪಾಯಾಳು ಮನೆ" ಎಂದರೆ ಕೂಸು ಕೂಡ ಬೆರಳು ತೋರಿಸುತ್ತದೆ. ಕಾಲು ಮುಂದಾಗಿ ಹುಟ್ಟಿದವರಿಗೆ ನಮ್ಮ ಕಡೆ ಪಾಯಾಳು ಅನ್ನುತ್ತಾರೆ. ಅಂಥವರು ಎಡಗಾಲಿನಿಂದ ಮೂರು ಸಲ ಮುಟ್ಟಿದರೆ ಹಿಡಿದುಕೊಂಡ ಸೊಂಟ ಬಿಡುತ್ತದಂತೆ.

ರವಿವಾರ ಬೆಳಗಾಗುವ ಮೊದಲೇ ನಮ್ಮ ಅಂಗಳದಲ್ಲಿ ಯಾರಾದರೂ ಬೋರಲು ಮಲಗಿರುತ್ತಿದ್ದರು. ಅವ್ವ ನನ್ನನ್ನು ಹಾಸಿಗೆಯಿಂದ ಎತ್ತಿ ತಂದು ಅವರ ಪಕ್ಕದಲ್ಲಿ ನಿಲ್ಲಿಸುತ್ತಿದ್ದಳು. ಐದು ವರ್ಷದ ನಾನು ನಿದ್ದೆಗಣ್ಣಲ್ಲೇ ಕಾಲೆತ್ತಿ ಮುಟ್ಟುತ್ತಿದ್ದೆ. ಬೆಚ್ಚಗಿನ ಬೆನ್ನು, ತಣ್ಣನೆಯ ಬೆನ್ನು, ಬೀಡಿ ವಾಸನೆಯ ಬೆನ್ನು. ಯಾರೂ ಮಾತಾಡಬಾರದು. ಮುಟ್ಟಿಸಿಕೊಂಡವರು ಎದ್ದು ತಿರುಗಿ ನೋಡದೆ ಹೋಗಬೇಕು. ಏನೂ ಕೊಡಬಾರದು, ಉಪಕಾರವಾಯಿತು ಎಂದೂ ಅನ್ನಬಾರದು. ಅಂದರೆ ಕಾಲಿನ ಗುಣ ಹೋಗುತ್ತದೆ. ಅವರು ಹೋದ ಮೇಲೆ ನಾನು ಮತ್ತೆ ಮಲಗುತ್ತಿದ್ದೆ. ಎದ್ದಾಗ ಅದು ನಡೆದದ್ದೋ ಕನಸೋ ಗೊತ್ತಾಗುತ್ತಿರಲಿಲ್ಲ. ಈಗಲೂ ಆ ಊರಿನ ಎಷ್ಟೋ ಜನರ ಮುಖ ನನಗೆ ಗೊತ್ತಿಲ್ಲ, ಬೆನ್ನು ಗೊತ್ತು.

ಇದೆಲ್ಲ ಕೇಳಲು ಚಂದ. ಅನುಭವಿಸಿದವಳು ನಾನು. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ನನ್ನನ್ನು ಓಡಲು ಬಿಡಲಿಲ್ಲ. ಒಂದು ಹೆಜ್ಜೆ ಜೋರಾಗಿ ಇಟ್ಟರೂ ಪಡಸಾಲೆಯಿಂದ ಕೂಗು ಬರುತ್ತಿತ್ತು.

"ಏ ಹುಡುಗೀ! ಮೆಲ್ಲಕ! ಅದು ನಿನ್ನ ಕಾಲಲ್ಲ, ಊರ ಕಾಲು. ಮುರಕೊಂಡ್ರ ಊರಿಗಿ ಏನು ಜವಾಬು ಕೊಡ್ಲಿ?"

ಶಾಲೆಯಲ್ಲಿ ಖೋ ಖೋ ಆಡುವಾಗ ನಾನು ಎಲ್ಲರ ಚಪ್ಪಲಿ ಕಾಯುತ್ತಿದ್ದೆ. ಹದಿನಾರು ಜೋಡಿ ಚಪ್ಪಲಿ, ನಡುವೆ ನಾನು. ಆ ಸಿಟ್ಟು ಇನ್ನೂ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಅವ್ವನಾದರೂ ಒಂದು ಮಾತು ನನ್ನ ಪರವಾಗಿ ಆಡಬಹುದಿತ್ತು. ಆಡಲಿಲ್ಲ. ಆಯಿ ಬೈದಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದಳು.

ಅದಕ್ಕೇ ಇರಬೇಕು, ಆಗಿನಿಂದ ನನಗೆ ಒಂದೇ ಕನಸು. ಊರ ಹೊರಗಿನ ಬಾಳೆ ತೋಟಗಳ ನಡುವಿನ ಕೆಂಪು ಮಣ್ಣಿನ ದಾರಿ. ಎರಡೂ ಕಡೆ ಕೆಂಪು ಬಾಳೆಗೊನೆಗಳು ತೂಗುತ್ತಿರುತ್ತವೆ. ನಾನು ಓಡುತ್ತಿರುತ್ತೇನೆ. ದಣಿವಿಲ್ಲ, ಬೆವರಿಲ್ಲ, ಎಲೆಗಳು ಮಾತ್ರ ಹಿಂದಕ್ಕೆ ಸರಿಯುತ್ತವೆ. ನನ್ನ ಹೆಜ್ಜೆಯ ಸಪ್ಪಳ ಮಾತ್ರ ಕೇಳುವುದಿಲ್ಲ. ದಾರಿಯಲ್ಲಿ ಯಾರೂ ಇರುವುದಿಲ್ಲ, ಯಾರೂ ನನ್ನನ್ನು ನೋಡುವುದಿಲ್ಲ. ಎಚ್ಚರವಾದಾಗ ಕಾಲು ಹಾಸಿಗೆಯ ಮೇಲೆ ತಣ್ಣಗೆ ಬಿದ್ದಿರುತ್ತವೆ.

ಈಗ ನನಗೆ ನಲವತ್ತಮೂರು. ಕಲಬುರಗಿಯಲ್ಲಿ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ, ಅಲ್ಲೇ ಪಕ್ಕದ ಕುಸನೂರದಲ್ಲಿ ಮನೆ, ಗಂಡ ಗುರುಲಿಂಗ. ಹೋದ ವರ್ಷ ಡಾಕ್ಟರು ರಕ್ತದ ಕಾಗದ ನೋಡಿ, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ, ದಿನಾ ನಡೆಯಿರಿ ಎಂದರು. ಯೂನಿವರ್ಸಿಟಿ ಕಡೆಯ ರಸ್ತೆಯಲ್ಲಿ ಬೆಳಗ್ಗೆ ನಡೆಯತೊಡಗಿದೆ. ಅಲ್ಲೇ ಸಿಕ್ಕವಳು ತ್ರಿವೇಣಿ, ನಮ್ಮ ಕಾಲೇಜಿನಲ್ಲಿ ಆಟ ಕಲಿಸುವವಳು. ನನ್ನನ್ನು ದಾಟಿ ಓಡಿಹೋದಳು. ತಿರುಗಿ ಬರುವಾಗಲೂ ದಾಟಿ ಓಡಿಹೋದಳು. ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಮರುದಿನ ಅಡ್ಡಗಟ್ಟಿ ನಿಲ್ಲಿಸಿದೆ.

"ನನಗೂ ಕಲಸ್ತೀಯೇನವಾ?"

"ಅದರಾಗೇನದ ಮೇಡಂ, ಒಂದು ನಿಮಿಷ ಓಡ್ರಿ, ಎರಡು ನಿಮಿಷ ನಡೀರಿ. ಮಾತಾಡಾಕ ಬರೋವಷ್ಟು ಮೆಲ್ಲಗ ಓಡ್ಬೇಕು. ಉಸಿರು ಹತ್ತಿತಂದ್ರ ನೀವು ಓಡಾಕತ್ತಿಲ್ಲ, ಜಗಳಾಡಾಕತ್ತೀರಿ."

ಆ ಮೊದಲ ಒಂದು ನಿಮಿಷ! ನವೆಂಬರಿನ ಬೆಳಗು, ಹೊಲಗಳ ಮೇಲೆ ಮಂಜು ಮಲಗಿತ್ತು, ತೊಗರಿ ಹೂ ಬಿಟ್ಟಿತ್ತು. ಕಾಲು ನೆಲ ಬಿಟ್ಟವು. ಮೂವತ್ತೆಂಟು ವರ್ಷ ಊರಿಗೆ ಬಾಡಿಗೆ ಕೊಟ್ಟ ಕಾಲು ಅವತ್ತು ಮನೆಗೆ ಬಂದವು. ನಿಂತಾಗ ಎದೆ ಹಾರುತ್ತಿತ್ತು, ಕಣ್ಣಲ್ಲಿ ನೀರು. ತ್ರಿವೇಣಿ ಗಾಬರಿಯಾಗಿ "ಏನಾತ್ರೀ ಮೇಡಂ" ಎಂದಳು. ಏನೂ ಇಲ್ಲ, ಮಂಜು ಹೋಯಿತು ಕಣ್ಣಿಗೆ ಎಂದೆ.

ಆಮೇಲೆ ನಾನು ಮನುಷ್ಯಳಾಗಿ ಉಳಿಯಲಿಲ್ಲ. ಸೂಪರ್ ಮಾರ್ಕೆಟ್ಟಿಗೆ ಹೋಗಿ ನೀಲಿ ಬೂಟು ತಂದೆ. ಬಾಗಿಲಲ್ಲಿ ಲೇಸು ಕಟ್ಟುವಾಗ ಗುರುಲಿಂಗ ಚಹಾ ಹೀರುತ್ತಾ "ಏನ್ರೀ ಮೇಡಂ, ಬಸ್ ತಪ್ಪತದೇನು?" ಎಂದು ಕೆಣಕುತ್ತಿದ್ದ. ತಪ್ಪಲಿ ಬಿಡು ಎಂದು ಹೊರಡುತ್ತಿದ್ದೆ. ಒಂದು ನಿಮಿಷ ಐದಾಯಿತು, ಐದು ಹದಿನೈದಾಯಿತು. ಕೆಲವು ಬೆಳಗು ಕೋಟೆಯ ಕಡೆ ಹೋಗುತ್ತಿದ್ದೆವು. ಕಂದಕದ ಪಕ್ಕದಲ್ಲಿ ಓಡುವಾಗ ಒಳಗಿನಿಂದ ಪಾರಿವಾಳಗಳು ಎದ್ದು ತಲೆಯ ಮೇಲೆ ಒಂದು ಸುತ್ತು ಹಾಕಿ ಮತ್ತೆ ಗೋಡೆಯಲ್ಲಿ ಮಾಯವಾಗುತ್ತಿದ್ದವು. ನಾನು ಓಡುತ್ತಿದ್ದೇನೋ ಹಾಸಿಗೆಯಲ್ಲಿದ್ದೇನೋ ಎಂದು ಒಮ್ಮೊಮ್ಮೆ ಚಿವುಟಿಕೊಳ್ಳಬೇಕಾಗುತ್ತಿತ್ತು.

ಮನಸ್ಸಿನಲ್ಲಿ ಒಂದೇ ಆಸೆ ಬೆಳೆಯಿತು. ಕಮಲಾಪುರದ ಆ ತೋಟದ ದಾರಿಯಲ್ಲಿ, ಹಾಡಹಗಲು, ನಿಲ್ಲದೆ ಓಡಿ ಮನೆಯ ಅಂಗಳ ಮುಟ್ಟಬೇಕು. ಹೆದ್ದಾರಿಯಿಂದ ಆ ದಾರಿಯಲ್ಲಿ ಮನೆಗೆ ಎರಡು ಮೈಲಿ. ಅವ್ವ ನೋಡಬೇಕು. ನೋಡಿ ಏನನ್ನುತ್ತಾಳೋ ಅನ್ನಲಿ. ಆಯಿ ಹೋಗಿ ಇಪ್ಪತ್ತು ವರ್ಷವಾಗಿದ್ದರೂ ನಾನು ಅವ್ವನಿಗೆ ಹೇಳಿರಲಿಲ್ಲ. ಫೋನಿನಲ್ಲಿ "ಯಾಕ ತೇಕಾಕತ್ತಿ?" ಎಂದರೆ "ಕಸ ಹೊಡ್ಯಾಕತ್ತೀನಿ" ಎನ್ನುತ್ತಿದ್ದೆ. ಒಳಗೆ ಹೆದರಿಕೆಯೂ ಇತ್ತು. ಕುಸನೂರಕ್ಕೂ ರವಿವಾರ ಯಾರಾದರೂ ಸೊಂಟ ಹಿಡಿದುಕೊಂಡು ಬರುತ್ತಿದ್ದರು. ಮುಟ್ಟುವಾಗ, ಓಡಿದ ಕಾಲಿನಲ್ಲಿ ಗುಣ ಉಳಿದಿದೆಯೋ ಇಲ್ಲವೋ ಎಂದು ಅವರ ಬೆನ್ನನ್ನೇ ನೋಡುತ್ತಿದ್ದೆ.

ಫೆಬ್ರುವರಿಯಲ್ಲಿ ಎಡ ಮೊಳಕಾಲಿನ ಕೆಳಗೆ, ಎಲುಬಿನ ಒಳ ಅಂಚಿನಲ್ಲಿ ನೋವು ಶುರುವಾಯಿತು. ಮೊದಲು ಓಡಿದ ಮೇಲೆ, ಆಮೇಲೆ ಓಡುವಾಗ, ಆಮೇಲೆ ಮೆಟ್ಟಿಲು ಇಳಿಯುವಾಗ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಬೂಟು ಡೊಂಕು ಅಂದೆ. ತ್ರಿವೇಣಿ ಕೈಮುಗಿದಳು.

"ಮೇಡಂ, ಎಲುಬಿಗಿ ನಿಮ್ಮಷ್ಟು ಅವಸರ ಇಲ್ಲ. ಎರಡು ವಾರ ಬಿಡ್ರಿ. ನಿಮ್ಮ ಕಾಲಿಗಿ ಬೀಳ್ತೀನಿ."

"ನನ್ನ ಕಾಲಿಗಿ ಬಿದ್ದವರು ಭಾಳ ಮಂದಿ ಅದಾರ, ಸಾಲಿನ್ಯಾಗ ನಿಲ್ಲು" ಎಂದೆ. ಹಟಮಾರಿ ಮುಂಡೇದು ನಾನು. ಇನ್ನೂ ಹನ್ನೆರಡು ದಿನ ಓಡಿದೆ. ಹದಿಮೂರನೆಯ ದಿನ ಕಾಲು ಊರಲಾಗಲಿಲ್ಲ.

ಸ್ಕ್ಯಾನಿನಲ್ಲಿ ಕಂಡಿತು. ಎಡಗಾಲಿನ ಎಲುಬಿನಲ್ಲಿ ಕೂದಲೆಳೆಯಷ್ಟು ಸೀಳು. ಮಾಂಸಖಂಡ, ಎಲುಬು ತಯಾರಾಗುವ ಮೊದಲೇ ಓಟ ಹೆಚ್ಚಿಸಿದರೆ ಹೊಸಬರಿಗೆ ಹೀಗಾಗುತ್ತದೆ ಎಂದರು ಡಾಕ್ಟರು. ಆರು ವಾರ ಓಟ ಬಂದ್. ಭಾರ ಹಾಕದಿದ್ದರೆ ತಾನೇ ಕೂಡಿಕೊಳ್ಳುತ್ತದೆ, ಮತ್ತೆ ಓಡಬಹುದು. ಇಷ್ಟೇ ಆಗಿದ್ದರೆ ಕತೆ ಇರುತ್ತಿರಲಿಲ್ಲ.

ಮೂರನೆಯ ವಾರ ಕಮಲಾಪುರಕ್ಕೆ ಹೋದೆ. ಅವ್ವ ಮಲ್ಕಮ್ಮ ನನ್ನ ದೊಡ್ಡಕ್ಕ ಭಾಗ್ಯಳ ಜೊತೆ ಇದ್ದಾಳೆ. ಎಪ್ಪತ್ತಾದರೂ ದಿನಾ ಹೆದ್ದಾರಿಯ ಪಕ್ಕದಲ್ಲಿ ಕೂತು ಕೆಂಪು ಬಾಳೆಹಣ್ಣು ಮಾರುತ್ತಾಳೆ. ಬುಟ್ಟಿ ತಾನೇ ಎತ್ತಬೇಕು, ಬೇರೆಯವರು ಮುಟ್ಟಿದರೆ ಹಣ್ಣು ಕಂದುತ್ತವೆ ಎನ್ನುತ್ತಾಳೆ. ನಾನು ಕುಂಟುತ್ತಾ ಬಂದದ್ದನ್ನು ದೂರದಿಂದಲೇ ನೋಡಿದಳು.

"ಓಡಿದ್ಯೇನು?"

ಹೇಗೆ ಗೊತ್ತಾಯಿತೋ! "ಹೂಂ" ಎಂದೆ. "ನಾಕು ತಿಂಗಳಾತು."

ಬೈಗುಳಕ್ಕೆ ಕಾದೆ. ಬೈಯಲಿಲ್ಲ. ಮುಖ ಬೂದಿಯಾಯಿತು. ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ ನಡೆದೇ ಹೋದಳು. ಒಂದು ತಾಸಿಗೆ ಮಂಜೂರ್ ಚಾಚಾನನ್ನು ಮನೆಗೆ ಕರೆದುಕೊಂಡು ಬಂದಳು. ಆತ ರಿಟೈರ್ ಆದ ಬಸ್ ಡ್ರೈವರ್, ಎತ್ತರದ ದಪ್ಪ ಮನುಷ್ಯ, ನಗುಮುಖ. ಆತನೂ ಪಾಯಾಳು. ನಮ್ಮೂರಲ್ಲಿ ಇದ್ದವರು ನಾವಿಬ್ಬರೇ. ಯಾವ ಪಾಯಾಳುವೂ ತನ್ನ ನೋವನ್ನು ತಾನು ತೆಗೆಯಲಾರ, ಅದಕ್ಕೆ ಇನ್ನೊಬ್ಬ ಪಾಯಾಳುವೇ ಬೇಕು.

"ಅರೇ ಬೇಟಿ, ನೀ ನನ್ನ ನಡಾ ಎಷ್ಟು ಸಲ ಬಿಡಿಸೀದಿ! ಇವತ್ತು ನನ್ನ ಬಾರಿ" ಎಂದ ಚಾಚಾ.

ನಾನು ಓದಿದವಳು. ಲೈಬ್ರರಿಯಲ್ಲಿ ಎಲುಬಿನ ಬಗ್ಗೆ ಇದ್ದ ಪುಸ್ತಕವನ್ನೆಲ್ಲ ಆ ಮೂರು ವಾರದಲ್ಲಿ ಓದಿ ಮುಗಿಸಿದ್ದೆ. ಸೀಳಿದ ಎಲುಬಿನ ಮೇಲೆ ಕಾಲಿಡಿಸಿಕೊಳ್ಳಬಾರದು ಎಂದು ತಿಳಿಯದಷ್ಟು ದಡ್ಡಿಯಲ್ಲ. ಆದರೆ ನೂರಾರು ಜನ ನನ್ನ ಕಾಲನ್ನು ನಂಬಿ ನನ್ನೆದುರು ಮಲಗಿದ್ದಾರೆ. ಈಗ ನಾನು ಬೇಡ ಎಂದರೆ, ಅವರ ನಂಬಿಕೆ ಸುಳ್ಳು, ನನ್ನ ಕಾಲು ಸುಳ್ಳು ಎಂದು ನಾನೇ ಹೇಳಿದಂತಾಗುತ್ತಿತ್ತು. ಅಂಗಳದಲ್ಲಿ ಮಲಗಿದೆ.

ಒಂದು ಸಲ ಮುಟ್ಟಿದ. ಹೂವಿನಂತೆ. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಕಾಲೆತ್ತಿದಾಗ, ಒಂಟಿಗಾಲಲ್ಲಿ ನಿಂತ ಎಪ್ಪತ್ತೆರಡರ ಮುದುಕ, ಜೋಲಿ ತಪ್ಪಿತು. ತೊಂಬತ್ತು ಕಿಲೋ ಭಾರ ನನ್ನ ಎಲುಬಿನ ಮೇಲೆ ಬಿತ್ತು. ಕಟಕ್ ಎಂಬ ಸದ್ದು ನನಗೂ ಕೇಳಿತು, ಅವ್ವನಿಗೂ ಕೇಳಿತು.

"ಯಾ ಅಲ್ಲಾ, ಏನು ಮಾಡಿದ್ನಿ ನಾ, ಏನು ಮಾಡಿದ್ನಿ" ಎಂದು ಚಾಚಾ ಚಿಕ್ಕ ಮಕ್ಕಳಂತೆ ಅತ್ತ. ಪಾಪ, ಅವನ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮೇಲೆ ಬಂತು.

ಕೂದಲೆಳೆಯ ಸೀಳು ಪೂರ್ತಿ ಮುರಿತವಾಗಿತ್ತು. ಮೊಳಕಾಲಿನ ಮೇಲಿನವರೆಗೆ ಪ್ಲಾಸ್ಟರ್ ಹಾಕಿ ಕುಸನೂರದ ಮನೆಯಲ್ಲಿ ಮಲಗಿಸಿದರು. ಗುಳಿಗೆಗಳ ಮಂಪರಿನಲ್ಲಿ ಹಗಲೂ ಹಗಲಿನಂತಿರಲಿಲ್ಲ. ಕಿಟಕಿಯ ಪರದೆ ಬಾಳೆ ಎಲೆಯಾಗುತ್ತಿತ್ತು, ಫ್ಯಾನಿನ ಸದ್ದು ತೋಟದ ಗಾಳಿಯಾಗುತ್ತಿತ್ತು. ಆದರೆ ಆ ಕನಸು ಬಂದಾಗ ಈಗ ನಾನು ಓಡುತ್ತಿರಲಿಲ್ಲ. ದಾರಿಯ ನಡುವೆ ಕೂತು ಚಪ್ಪಲಿ ಕಾಯುತ್ತಿದ್ದೆ. ಹದಿನಾರು ಜೋಡಿ.

ಒಂದು ಮಧ್ಯಾಹ್ನ ಗುರುಲಿಂಗನನ್ನು ಕರೆದು, ಆ ಬೂಟು ಯಾರಿಗಾದರೂ ಕೊಟ್ಟುಬಿಡು ಎಂದೆ.

"ಡಾಕ್ಟರು ಮತ್ತ ಓಡಬಹುದು ಅಂದಾರಲ್ಲ?"

"ಅವರಿಗೇನು ಗೊತ್ತು. ಬ್ಯಾಡ ಅಂದಿದ್ದು ಮಾಡಿದೆ. ಊರ ಕಾಲು ತಗೊಂಡು ಮೆರದೆ. ಅದಕ್ಕ ಎಡಗಾಲೇ ಮುರೀತು, ಬಲಗಾಲು ಯಾಕ ಮುರೀಲಿಲ್ಲ? ಇನ್ನ ಜನ್ಮದಾಗ ಓಡೂದಿಲ್ಲ."

ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ನನ್ನ ಆರೈಕೆಗೆಂದು ಬಂದು ಹತ್ತು ದಿನವಾಗಿತ್ತು. ಹಿಟ್ಟಿನ ಕೈಯಲ್ಲೇ ಬಂದು ಮಂಚದ ತುದಿಯಲ್ಲಿ ಕೂತಳು. ಗುರುಲಿಂಗನಿಗೆ "ನೀ ಹೊರಗ ಹೋಗಪಾ" ಎಂದಳು. ಅವನು ಹೋದ ಮೇಲೆ ಬೆರಳಿನ ಹಿಟ್ಟು ಉಜ್ಜಿಕೊಂಡಳು.

"ನೀ ಪಾಯಾಳು ಅಲ್ಲ" ಎಂದಳು.

ಗುಳಿಗೆಯ ಮಂಪರು ಎಂದುಕೊಂಡೆ. "ಏನಂದಿ?"

"ಎಲ್ಲಾರಂಗೇ ಹುಟ್ಟೀದಿ. ತಲಿ ಮುಂದ ಮಾಡಿ. ಕಾಲು ಕಟ್ಟಕಡೀಗಿ ಬಂದಾವ."

ಮೊಣಕೈ ಊರಿ ಎದ್ದು ಕೂತೆ. ಅವ್ವ ನನ್ನ ಪ್ಲಾಸ್ಟರನ್ನು ನೋಡುತ್ತಾ ಹೇಳಿದಳು.

"ಭಾಗ್ಯ ಹುಟ್ಟಿದಾಗ ನಿಮ್ಮ ಆಯಿ ಮಾತಾಡಿದ್ದಿಲ್ಲ. ಎರಡನೇದು ಹೆಣ್ಣಾದಾಗ ಮೂರು ದಿನ ನನಗ ಅನ್ನ ಹಾಕಿದ್ದಿಲ್ಲ. ಆ ಕೂಸಿನ್ನ ನನ್ನ ತಂಗಿಗಿ ಕೊಟ್ಟು ಕಳಿಸಿದ್ರು. ನೀ ಹುಟ್ಟೋ ದಿನ ಆಕಿ ಬಾಗಿಲ ಹೊರಗ ಕುಂತಿದ್ದಳು, ಒಳಗ ಬರಲಿಲ್ಲ. 'ಏನದ?' ಅಂತ ಅಲ್ಲಿಂದೇ ಕೇಳಿದಳು. ಸೂಲಗಿತ್ತಿ ಸೂಗಮ್ಮ ನನ್ನ ಮಾರಿ ನೋಡಿದಳು. ನಾ ಕೈ ಮುಗದೆ. ಹೆಣ್ಣು ಅನ್ನೋಕ್ಕಿಂತ ಮೊದಲ ಆಕಿ 'ಪಾಯಾಳು ಬಂದಾಳ್ರೀ ಅಮ್ಮಾ, ಕಾಲು ಮುಂದ ಮಾಡಿ ಬಂದಾಳ' ಅಂದಳು. ನಿಮ್ಮ ಆಯಿ ಎದ್ದು ಒಳಗ ಬಂದು ನಿನ್ನ ಕಾಲು ಕಣ್ಣಿಗಿ ಒತ್ತಿಕೊಂಡಳು."

ಹೊರಗೆ ಯಾರೋ ತರಕಾರಿ ಕೂಗುತ್ತಾ ಹೋದರು. ಆ ಕೂಗು ಬಹಳ ದೂರದಿಂದ ಬಂದಂತಿತ್ತು.

"ಆ ಕಾಲಿಂದ ನೀ ಮನ್ಯಾಗ ಉಳದಿ. ಆಮ್ಯಾಲ ಆಕಿ ಓಡಬ್ಯಾಡ ಅಂದಳು. ಓಡಲಿ ಬಿಡ್ರಿ ಅಂತ ನಾ ಹ್ಯಾಂಗ ಅನಲಿ? ಸುಳ್ಳಿನ ಕೂಡ ಸಂಸಾರ ಮಾಡೋವರಿಗಿ ಬಾಯಿ ಇರೂದಿಲ್ಲ. ನೀ ಚಪ್ಪಲಿ ಕಾಯ್ಕೋತ ಕುಂದರ್ತಿದ್ದಿ ಅಂತ ಮಾಸ್ತರು ಹೇಳಿದಾಗ ತೋಟಕ್ಕ ಹೋಗಿ ಅತ್ತೀನಿ. ಮೊನ್ನಿ ನೀ ಕುಂಟಕೋತ ಬಂದಾಗ, ಇಕಿ ಸುಳ್ಳ ಪಾಯಾಳು, ಖರೇ ಪಾಯಾಳು ಮುಟ್ಟಿದ್ರ ಪಟ್ಟನೆ ಆರಾಮ ಆಗ್ತದ ಅಂತ ಮಂಜೂರಣ್ಣಗ ಕರಕೊಂಡು ಬಂದೆ. ಮುರದಾಕಿ ನಾನು. ನಿನ್ನ ಓಟ ಅಲ್ಲ."

"ಇಷ್ಟು ದಿನ!" ಎಂದೆ. "ಆಯಿ ಸತ್ತು ಇಪ್ಪತ್ತು ವರ್ಷ ಆತು. ಆಗರೆ ಹೇಳಬಾರದಿತ್ತೇನು?"

"ಊರು ನಿನಗ ಕೈ ಮುಗೀತಿತ್ತು. ಅದನ್ನೂ ಕಸಕೊಳ್ಲೇನು ಅನಸ್ತಿತ್ತು" ಎಂದಳು. "ಈಗ ಕಸಕೊಂಡೀನಿ. ಆ ಕಾಲು ಊರಂದಲ್ಲ, ನಿಂದೇ. ಬೂಟು ಯಾರಿಗೂ ಕೊಡಬ್ಯಾಡ."

ನಾನು ದೊಡ್ಡ ಮನಸ್ಸಿನವಳಾಗಿದ್ದರೆ ಅವ್ವನನ್ನು ತಬ್ಬಿಕೊಳ್ಳುತ್ತಿದ್ದೆ. ಅಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಎಂಟು ದಿನ ಮಾತಾಡಲಿಲ್ಲ. ಅವ್ವ ರೊಟ್ಟಿ ತಂದಿಟ್ಟರೆ ತಿನ್ನುತ್ತಿದ್ದೆ, ತಟ್ಟೆ ತಳ್ಳುತ್ತಿದ್ದೆ. ಒಂಬತ್ತನೆಯ ದಿನ ಅವ್ವ ಬಸ್ಸಿಗೆ ಹೊರಟು ನಿಂತಳು. ಆಗಲೂ ಗೋಡೆ ನೋಡುತ್ತಾ ಮಲಗಿದ್ದೆ. ಅವಳು ಹೋದ ಮೇಲೆ ಮಾತ್ರ ಒಂದು ಸಂಗತಿ ಹೊಳೆಯಿತು. ನಲವತ್ತು ವರ್ಷ ಬುಟ್ಟಿ ಹೊತ್ತ ಅವ್ವನ ಸೊಂಟ ವರ್ಷಕ್ಕೆರಡು ಸಲ ಹಿಡಿಯುತ್ತಿತ್ತು. ಒಮ್ಮೆಯೂ ನನ್ನ ಕಾಲಿಗೆ ಮಲಗಿದವಳಲ್ಲ. ಮಗಳ ಕಾಲು ತಾಯಿಗೆ ತಾಗಬಾರದು ಎಂದಿರಬೇಕು ಎಂದು ನಾನು ತಿಳಿದಿದ್ದೆ. ಪೂರಾ ಊರಿನಲ್ಲಿ ನನ್ನನ್ನು ನಂಬದವಳು ಅವಳೊಬ್ಬಳೇ ಆಗಿದ್ದಳು.

ಪ್ಲಾಸ್ಟರ್ ತೆಗೆದಾಗ ಕಾಲು ಕಡ್ಡಿಯಾಗಿತ್ತು. ಮತ್ತೆ ಶುರುವಿನಿಂದ ಶುರು. ಮೊದಲು ಗೋಡೆ ಹಿಡಿದು, ಆಮೇಲೆ ಅಂಗಳದಲ್ಲಿ, ಆಮೇಲೆ ಗಲ್ಲಿಯ ತುದಿಯವರೆಗೆ. ಮಳೆಗಾಲವೆಲ್ಲ ನಡಿಗೆಯಲ್ಲೇ ಹೋಯಿತು. ಮತ್ತೆ ತೊಗರಿ ಹೂ ಬಿಡುವ ಹೊತ್ತಿಗೆ ತ್ರಿವೇಣಿ ಗಡಿಯಾರ ನೋಡಿ "ಒಂದು ನಿಮಿಷ, ಮೇಡಂ" ಎಂದಳು. ಈ ಸಲ ಅವಳು ಹೇಳಿದಷ್ಟೇ ಓಡಿದೆ. ನೋವೆಂದರೆ ನಿಂತೆ. ಬಿಡುವು ಎಂದರೆ ಬಿಟ್ಟೆ. ನನ್ನದೇ ಕಾಲು ಎಂದು ತಿಳಿದ ಮೇಲೆ ಜೋಪಾನ ತಾನಾಗಿ ಬಂತು. ರವಿವಾರ ಬಂದವರಿಗೆ ಮಾತ್ರ, ಕಾಲು ಮುರಿದದ, ಈಗ ಆಗೂದಿಲ್ಲ ಎಂದು ಹೇಳಿ ಕಳಿಸುತ್ತಿದ್ದೆ.

ಜನವರಿಯಲ್ಲಿ ಅವ್ವನಿಗೆ ಫೋನ್ ಮಾಡಿ, ರವಿವಾರ ಬರ್ತೀನಿ ಎಂದಷ್ಟೇ ಹೇಳಿದೆ. ಆ ರವಿವಾರ ಮೊದಲ ಬಸ್ಸು ಹಿಡಿದು, ಊರಿಗಿಂತ ಮೊದಲೇ ತೋಟದ ದಾರಿ ಸಿಗುವಲ್ಲಿ ಇಳಿದೆ. ಬೆಳಕು ಆಗಷ್ಟೇ ಹರಡುತ್ತಿತ್ತು. ಕೆಂಪು ಮಣ್ಣು ಇಬ್ಬನಿಯಿಂದ ಮೆತ್ತಗಾಗಿತ್ತು. ಎರಡೂ ಕಡೆ ಗೊನೆಗಳು, ಎಲೆಗಳ ತುದಿಯಿಂದ ತಟಕ್ ತಟಕ್ ನೀರು. ಕನಸಿನಲ್ಲಿದ್ದ ಹಾಗೇ ಇತ್ತು ಎಲ್ಲ. ಲೇಸು ಬಿಗಿದು ಓಡತೊಡಗಿದೆ.

ಆಗ ಕೇಳಿತು. ದಪ್ ದಪ್ ದಪ್ ದಪ್. ಯಾರೋ ಹಿಂದೆ ಬರುತ್ತಿದ್ದಾರೆ ಎಂದು ತಿರುಗಿದೆ. ಯಾರೂ ಇಲ್ಲ. ನನ್ನದೇ ಹೆಜ್ಜೆ. ಇಷ್ಟು ವರ್ಷ ಆ ದಾರಿಯಲ್ಲಿ ಕೇಳದ ಸಪ್ಪಳ. ಜೋರಾಗಿ ನಕ್ಕೆ. ನೀರು ಬಿಡಲು ಬಂದಿದ್ದ ಒಬ್ಬ ಮುದುಕ ಸಲಿಕೆ ಊರಿ ನಿಂತು ನೋಡಿದ. ನೋಡಲಿ. ಮೆಲ್ಲಗೆ, ಮಾತಾಡಲು ಬರುವಷ್ಟು ಮೆಲ್ಲಗೆ, ಎರಡು ಮೈಲಿ ನಿಲ್ಲದೆ ಓಡಿ ನಮ್ಮ ಮನೆಯ ತಿರುವಿಗೆ ಬಂದೆ.

ಅಂಗಳದಲ್ಲಿ ಯಾರೋ ಬೋರಲು ಮಲಗಿದ್ದರು. ಪಕ್ಕದಲ್ಲಿ ಭಾಗ್ಯಕ್ಕ ತಲೆ ಮೇಲೆ ಕೈ ಹೊತ್ತು ನಿಂತಿದ್ದಳು. ಹತ್ತಿರ ಹೋದೆ. ಮಲಗಿದ್ದವಳು ಅವ್ವ.

"ನಿನ್ನೆ ಬುಟ್ಟಿ ಎತ್ತಾಕ ಹೋಗಿ ನಡಾ ಹಿಡದದ" ಎಂದಳು ಅಕ್ಕ. "ದವಾಖಾನಿಗಿ ಹೋಗಮು ಅಂದ್ರ ಒಲ್ಲೆ ಅಂತಾಳ. ನಾಳಿ ರವಿವಾರ, ರಾಜೀ ಬರ್ತಾಳ, ಅಂಗಳದಾಗ ಹಾಸು ಅಂದಳು."

ನನಗೆ ತೇಕು. ಮಂಡಿಯ ಮೇಲೆ ಕೈಯಿಟ್ಟು ಬಗ್ಗಿದೆ. "ಅವ್ವಾ, ಅದು ಸುಳ್ಳ ಅಂತ ನಿನಗ ಗೊತ್ತದಲ್ಲ. ನೀನೇ ಹೇಳೀದಿ."

ಅವ್ವ ಕೆನ್ನೆಯನ್ನು ಚಾಪೆಗೆ ಒತ್ತಿಕೊಂಡೇ ಹೇಳಿದಳು. "ಗೊತ್ತದ. ನಲವತ್ತು ವರ್ಷ ಊರಿಗೂರೇ ನಂಬಿ ಎದ್ದು ಹೋಗ್ಯಾದ. ನಾ ಒಬ್ಬಾಕೀನೇ ನಂಬಿಲ್ಲ. ಇಡು ಕಾಲು."

ಎಡಗಾಲಿನ ಬೂಟು ಬಿಚ್ಚಿದೆ, ಬೆವೆತ ಕಾಲುಚೀಲ ತೆಗೆದೆ. ತಾಯಿಗೆ ಕಾಲು ತಾಗಿಸುವ ಪಾಪಕ್ಕೆ ಮೊದಲೇ ಬಗ್ಗಿ ಅವಳ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಹಿಮ್ಮಡಿ ನನ್ನದರಂತೆಯೇ ಬಿರಿದಿತ್ತು. ಆಮೇಲೆ ಮಾತು ನಿಂತಿತು. ಮುರಿದು ಕೂಡಿದ ಕಾಲಿನಿಂದ ಅವ್ವನ ಬೆನ್ನನ್ನು ಮೂರು ಸಲ ಮುಟ್ಟಿದೆ. ಎಷ್ಟು ಸಣ್ಣ ಬೆನ್ನು! ಊರಿನ ಅಷ್ಟೊಂದು ಬೆನ್ನುಗಳಲ್ಲಿ ನನಗೆ ಗೊತ್ತಿರದಿದ್ದದ್ದು ಇದೊಂದೇ.

ಅವ್ವ ಎರಡೂ ಕೈ ಊರಿ ಎದ್ದಳು. ನಡ ಬಿಟ್ಟಿತೋ ಇಲ್ಲವೋ, ನಾನು ಕೇಳಲಿಲ್ಲ, ಕೇಳಬಾರದು. ತಿರುಗಿ ನೋಡದೆ ಬಾಗಿಲ ತನಕ ನಡೆದಳು. ಕಟ್ಟೆಯ ಮೇಲೆ ಮೆಲ್ಲಗೆ ಕೂತಳು. ಆಗ ದಾರಿಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬರೋದು ನೋಡಲಿಲ್ಲ ನಾ, ಸಪ್ಪಳ ಅಷ್ಟೇ ಕೇಳಿತು" ಎಂದಳು. "ಆ ಹುಣಸಿ ಗಿಡದ ತನಕ ಇನ್ನೊಮ್ಮೆ ಓಡು. ನೋಡ್ತೇನಿ."

ಒಂದು ಕಾಲಲ್ಲಿ ಬೂಟು, ಇನ್ನೊಂದು ಬರಿಗಾಲು. ಹಾಗೇ ಓಡಿದೆ.